ಬೇಡ ಎಂದವರನ್ನು ಗೌರವಿಸುವುದು ಹೇಗೆ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಬೇಸರ ಕಂಡಿತು. ಎರಡನೇ ಸಲ ಆಕೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು.

ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಪತ್ರದ ಸಾರ ಹೇಳುತ್ತೇನೆ. ಬರುವ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಅಂದು ನಿಮ್ಮ ಗೆಳೆಯರ ಬಳಗ ಒಬ್ಬ ಹೋರಾಟಗಾರ್ತಿಯನ್ನು ಸನ್ಮಾನಿಸಬೇಕು ಎಂದುಕೊಂಡಿತ್ತು. ಗುತ್ತಿಗೆಯ ಸ್ವಚ್ಛತಾ ಕೆಲಸಗಾರರ ಸಂಬಳಕ್ಕಾಗಿ, ಅವರ ಜೀವದ ಸುರಕ್ಷತೆಗಾಗಿ ಆಕೆ 20 ವರ್ಷಗಳಿಂದ ಓಡಾಡುತ್ತಿದ್ದಾರೆ. ಸಭಾಂಗಣ ಗೊತ್ತುಮಾಡಿ ಆಗಿತ್ತು. ಅತಿಥಿಗಳು ಬರುತ್ತೇವೆ ಎಂದಿದ್ದರು. ಆಕೆ ಮಾತ್ರ ಒಪ್ಪಲಿಲ್ಲ. "ಬೇಡ, ನಾನೊಬ್ಬಳೇ ಅಲ್ಲಿ ಕೂತ್ಕೊಳ್ಳೋಕೆ ಆಗಲ್ಲ" ಅಂದುಬಿಟ್ಟರು. ಬಳಗದಲ್ಲಿ ಕೆಲವರು ಇದನ್ನು ಸೊಕ್ಕು ಎಂದರು, ಕೆಲವರು ದೊಡ್ಡ ಗುಣ ಎಂದರು. ನಿಮಗೆ ಎರಡೂ ಸರಿ ಅನಿಸಲಿಲ್ಲ. ಒಳ್ಳೆಯ ಕೆಲಸ ಮಾಡುವವರನ್ನು ಗೌರವಿಸುವುದೂ ತಪ್ಪಾ, ತಪ್ಪಲ್ಲದಿದ್ದರೆ ಹೇಗೆ ಗೌರವಿಸಬೇಕು ಎಂದು ಕೇಳಿದ್ದೀರಿ.

ಖಂಡಿತ ತಪ್ಪಲ್ಲ. ಇಂಥವರನ್ನು ನೆನೆಯದ ಸಮಾಜ ತುಂಬ ಬೇಗ ಮರೆಯುತ್ತದೆ, ಮರೆತರೆ ಅದೇ ಅನ್ಯಾಯ ಮತ್ತೆ ನಡೆಯುತ್ತದೆ. ಆದರೆ ಆಕೆಯ ಮಾತಿನಲ್ಲಿ "ಒಬ್ಬಳೇ" ಅನ್ನುವ ಪದ ಇದೆ ನೋಡಿ, ನಿಮ್ಮ ಎರಡು ಪ್ರಶ್ನೆಗೂ ಉತ್ತರ ಅಲ್ಲೇ ಸಿಗಬಹುದು ಅಂತ ನನಗೆ ಅನಿಸುತ್ತದೆ.

ಅಮೆರಿಕದ ಮಾಂಟ್ಗೊಮರಿ ಊರಿನ ಬಸ್ ಬಹಿಷ್ಕಾರದ ಕಥೆ ನಿಮಗೆ ಗೊತ್ತೇ ಇರುತ್ತದೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಪೊಲೀಸರು ಅವರನ್ನು ಬಂಧಿಸಿದರು. ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ನಾವು ಶಾಲೆಯಲ್ಲಿ ಕೇಳಿದ್ದು ಇಷ್ಟು. ಅದಕ್ಕೂ 9 ತಿಂಗಳು ಮೊದಲು, ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ 15 ವರ್ಷದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡಲಿಲ್ಲ. ಅವಳನ್ನೂ ಬಂಧಿಸಿದರು. ಇನ್ನೂ ಚಿಕ್ಕವಳು, ಹೋರಾಟದ ಮುಖವಾಗಿ ಮುಂದೆ ನಿಲ್ಲಿಸುವುದು ಕಷ್ಟ ಎಂದು ಮುಂದಾಳುಗಳು ಹಿಂಜರಿದರು. ಬಸ್ಸಿನಲ್ಲಿ ಬಣ್ಣ ನೋಡಿ ಕೂರಿಸುವ ನಿಯಮ ಬಿದ್ದುಹೋದದ್ದು ಬ್ರೌಡರ್ ಮೊಕದ್ದಮೆಯಿಂದ. ಅದರಲ್ಲಿ ಫಿರ್ಯಾದಿಗಳಾಗಿ ನಿಂತ ನಾಲ್ವರು ಹೆಂಗಸರಲ್ಲಿ ಕಾಲ್ವಿನ್ ಒಬ್ಬಳು. ಪಾರ್ಕ್ಸ್ ಆ ನಾಲ್ವರಲ್ಲಿ ಇರಲಿಲ್ಲ.

ಪಾರ್ಕ್ಸ್ ಅವರನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಅವರು ಅಂದು ಸುಮ್ನೆ ಕಾಲು ನೋವಿಗೆ ಕೂತವರಲ್ಲ. 1943ರಿಂದ ಕಪ್ಪು ಜನರ ಹಕ್ಕುಗಳ ಸಂಘಟನೆಯಲ್ಲಿ ದುಡಿದು ಪಳಗಿದವರು. ಆದರೆ ಅವರ ಬಂಧನದ ಸುದ್ದಿ ಬಂದ ರಾತ್ರಿಯೇ ಕಾಲೇಜಿನ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ನಿದ್ದೆಗೆಟ್ಟು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ತಮ್ಮಂಥ ಹೆಂಗಸರನ್ನು ಕೂಡಿಸಿ, ಮನೆಯಲ್ಲಿ ಅಡುಗೆ ಮಾಡಿ, ಮಾರಿ, ಆ ದುಡ್ಡನ್ನು ಬಹಿಷ್ಕಾರದ ಕಾರುಗಳ ಪೆಟ್ರೋಲಿಗೆ ಕೊಟ್ಟರು. ತಮ್ಮ ಗುಂಪಿಗೆ ಅವರು ಇಟ್ಟ ಹೆಸರಿನ ಅರ್ಥ "ಎಲ್ಲಿಯೂ ಇಲ್ಲದ ಕ್ಲಬ್". ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಅಂತ ಸುಳ್ಳಿಲ್ಲದೆ ಹೇಳಬಹುದಿತ್ತು. ದುಡ್ಡು ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತು.

ಈಗ ಹೇಳಿ, ಆ 381 ದಿನಗಳಿಗೆ ಒಂದೇ ಒಂದು ಫಲಕ ಮಾಡಿಸಿದ್ದರೆ ಯಾರ ಕೈಗೆ ಕೊಡುತ್ತಿದ್ದಿರಿ?

ಈ ತಪ್ಪು ನನ್ನಿಂದಲೂ ಆಗಿದೆ. ಕೆಲವು ವರ್ಷಗಳ ಹಿಂದೆ, ಜೀತದಿಂದ ಹೊರಬಂದ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಬಗ್ಗೆ ಮುಖಪುಟ ಲೇಖನ ಮಾಡಿದೆವು. "ಒಂಟಿ ಸೈನಿಕ" ಎಂಬ ತಲೆಬರಹ ನಾನೇ ಕೊಟ್ಟದ್ದು. ಪ್ರೀತಿಯಿಂದಲೇ ಕೊಟ್ಟಿದ್ದೆ. ಸಂಚಿಕೆ ಹೊರಬಂದ ಮೂರನೇ ದಿನ ಅವರು ಫೋನ್ ಮಾಡಿದರು. ಬೈಯಲಿಲ್ಲ. "ಸಾರ್, ನಾವು ಹನ್ನೊಂದು ಜನ ಇದ್ದೀವಿ. ಇವತ್ತಿನ ಸಭೆಗೆ ಮೂವರು ಬರಲಿಲ್ಲ" ಎಂದರು. ಅಷ್ಟೇ. ಆ ಮೂವರಲ್ಲಿ ಒಬ್ಬರು ಮತ್ತೆ ಬರಲೇ ಇಲ್ಲ ಅಂತ ಆಮೇಲೆ ತಿಳಿಯಿತು. ನಾವು ಒಬ್ಬರನ್ನು ಮೇಲೆ ಎತ್ತಿದೆವು, ಅವರ ಪಕ್ಕದಲ್ಲಿದ್ದವರಿಗೆ ತಾವು ಕೆಳಗಿದ್ದೇವೆ ಅನಿಸಿತು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಗೌರವ ಯಾವ ಹೊತ್ತಿನಲ್ಲಿ ಕೊಡುತ್ತೇವೆ ಎಂಬ ವಿಷಯಕ್ಕೂ ಬರೋಣ. ಬಹಿಷ್ಕಾರದ ಆ ದಿನಗಳಲ್ಲೇ ರೋಸಾ ಪಾರ್ಕ್ಸ್ ತಮ್ಮ ಹೊಲಿಗೆ ಕೆಲಸ ಕಳೆದುಕೊಂಡರು. 1957ರಲ್ಲಿ ಊರು ಬಿಟ್ಟು ಡೆಟ್ರಾಯಿಟ್‌ಗೆ ಹೋದರು. ದೇಶದ ಅಧ್ಯಕ್ಷರು ಕೊಡುವ ಪದಕ ಸಿಕ್ಕಿದ್ದು 1996ರಲ್ಲಿ. ಸಂಸತ್ತಿನ ಚಿನ್ನದ ಪದಕ 1999ರಲ್ಲಿ. ಎಲ್ಲರೂ ಒಪ್ಪಿದ ಮೇಲೆ, ಯಾರಿಗೂ ಸಿಟ್ಟು ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಗೌರವ ಕೊಡುವುದು ಸುಲಭ. ಬಾಡಿಗೆ ಕಟ್ಟಲು ದುಡ್ಡಿಲ್ಲದ ತಿಂಗಳಲ್ಲಿ ಪಕ್ಕದಲ್ಲಿ ನಿಲ್ಲುವವರು ಕಡಿಮೆ.

ನಮ್ಮ ದೇಶದ ಒಂದು ಉದಾಹರಣೆ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಕಾರ್ಯಕ್ರಮವೊಂದರಲ್ಲಿ ದುಡಿಯುತ್ತಿದ್ದವರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಆ ಆರೋಪದಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಅವರಿಗಾದ ಅನ್ಯಾಯವನ್ನು ಮುಂದಿಟ್ಟು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ತೀರ್ಪು ಬಂತು, ಅದರಿಂದ 2013ರ ಕಾನೂನು ಹುಟ್ಟಿತು. ಇವತ್ತು ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಕಿರುಕುಳದ ವಿರುದ್ಧ ದೂರು ಕೊಡಲು ಒಂದು ಸಮಿತಿ ಇದೆ ಅಂದರೆ, ಅದರ ಹಿಂದೆ ಈ ಹೆಂಗಸು ಇದ್ದಾರೆ. ಅವರಿಗೆ ಪ್ರಶಸ್ತಿಗಳೂ ಬಂದವು. ನ್ಯಾಯ ಮಾತ್ರ ಬರಲಿಲ್ಲ. ನ್ಯಾಯದ ಜಾಗದಲ್ಲಿ ಪ್ರಶಸ್ತಿಯನ್ನು ಕೂರಿಸಲು ಆಗುವುದಿಲ್ಲ ಅಲ್ವಾ?

ನಿಮ್ಮ ಬಳಗದವರು ಯೋಚಿಸಿರಲಾರದ ಇನ್ನೊಂದು ಮಾತಿದೆ, ಅದು ಅಪಾಯ. ಹೆಸರು ಎಲ್ಲರಿಗೂ ಗೊತ್ತಾದರೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆ ಇದೆ. ಅದರಲ್ಲಿ ಸತ್ಯವೂ ಇದೆ. ಬೆದರಿಕೆಯ ನಡುವೆ ದುಡಿಯುವವರಿಗೆ ಬಲ ಸಿಗಲಿ ಅಂತಲೇ ಮಾರ್ಟಿನ್ ಎನಲ್ಸ್ ಹೆಸರಿನ ಪ್ರಶಸ್ತಿಯನ್ನು 1994ರಿಂದ ಕೊಡುತ್ತಿದ್ದಾರೆ. ಆದರೆ ಹೊಂಡುರಾಸ್ ದೇಶದ ಬೆರ್ತಾ ಕಾಸೆರೆಸ್ ಅವರನ್ನು ನೆನೆಯಿರಿ. ಲೆಂಕಾ ಜನರ ನದಿಗೆ ಅಣೆಕಟ್ಟು ಬರುವುದನ್ನು ತಡೆದದ್ದಕ್ಕೆ 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಒಂದು ವರ್ಷವೂ ತುಂಬಿರಲಿಲ್ಲ, 2016ರ ಮಾರ್ಚ್ 2ರ ರಾತ್ರಿ ಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ಜಗತ್ತಿಗೆಲ್ಲ ಗೊತ್ತಿದ್ದ ಹೆಸರೂ ಅವರನ್ನು ಉಳಿಸಲಿಲ್ಲ. ಆದರೆ ಆ ಹೆಸರಿನಿಂದಲೇ ಪ್ರಕರಣ ಮುಚ್ಚಿಹೋಗಲಿಲ್ಲ ಎಂಬುದೂ ನಿಜ. 2018ರಲ್ಲಿ ಏಳು ಮಂದಿ ತಪ್ಪಿತಸ್ಥರು ಎಂದು ತೀರ್ಪಾಯಿತು. ಬೆಳಕು ಯಾವಾಗ ಕಾಯುತ್ತದೆ, ಯಾವಾಗ ಗುರಿ ತೋರಿಸುತ್ತದೆ ಎಂದು ಸಭಾಂಗಣದಲ್ಲಿ ಕೂತ ನಮಗೆ ತಿಳಿಯುವುದಿಲ್ಲ. ಹೋರಾಟದ ಒಳಗಿರುವವರಿಗೆ ಗೊತ್ತಿರುತ್ತದೆ. ನಿಮ್ಮ ಹೋರಾಟಗಾರ್ತಿಯ ಜೊತೆಗಿರುವ ಗುತ್ತಿಗೆ ಕೆಲಸಗಾರರನ್ನೇ ನೋಡಿ. ಅವರ ಫೋಟೋ ಪತ್ರಿಕೆಯಲ್ಲಿ ಬಂದರೆ ಮರುದಿನ ಗುತ್ತಿಗೆದಾರ ಏನು ಮಾಡುತ್ತಾನೆ ಅಂತ ಆಕೆಗೆ ಗೊತ್ತು.

ಹಾಗಾದರೆ ಹೆಸರೇ ಬೇಡವೇ? ಬೇಕು. ಹೆಸರಿಗಾಗಿ ಜೀವವನ್ನೇ ಕೊಟ್ಟವರಿದ್ದಾರೆ. ಅರ್ಜೆಂಟೀನಾದಲ್ಲಿ ಸೇನೆಯ ಆಡಳಿತ ಇದ್ದಾಗ ಸಾವಿರಾರು ಜನರನ್ನು ಹೊತ್ತೊಯ್ದು ಕಾಣೆ ಮಾಡಿದರು. 1977ರ ಏಪ್ರಿಲ್ 30ರಂದು ಅಂಥ ಮಕ್ಕಳ ಕೆಲವು ತಾಯಂದಿರು ರಾಜಧಾನಿಯ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲಬಾರದು ಎಂದರು ಪೊಲೀಸರು. ತಾಯಂದಿರು ಇಬ್ಬಿಬ್ಬರಾಗಿ ನಡೆಯತೊಡಗಿದರು. ಅದೇ ವರ್ಷ ಡಿಸೆಂಬರ್ 10ರಂದು, ನಿಮ್ಮ ಕಾರ್ಯಕ್ರಮದ ಅದೇ ತಾರೀಖು, ಅವರು ದುಡ್ಡು ಕೊಟ್ಟು ಪತ್ರಿಕೆಯಲ್ಲಿ ಒಂದು ಜಾಹೀರಾತು ಹಾಕಿಸಿದರು. ಕಾಣೆಯಾದ ಮಕ್ಕಳು ಎಲ್ಲಿ ಎಂದು ಕೇಳುವ ಜಾಹೀರಾತು. ಅದರಲ್ಲಿ ಇದ್ದದ್ದು ಹೆಸರುಗಳು. ಆ ಬೆಳಿಗ್ಗೆ ಪತ್ರಿಕೆ ತರಲು ಹೊರಟಿದ್ದ ಅಸುಸೆನಾ ವಿಯಾಫ್ಲೋರ್ ಎಂಬ ತಾಯಿಯನ್ನೇ ಹೊತ್ತೊಯ್ದರು. ಇಂಥದೊಂದು ಗುಂಪು ಕಟ್ಟಿ ನಿಲ್ಲಿಸಿದವರೇ ಅವರು. ಅವರ ಅವಶೇಷಗಳ ಗುರುತು ಸಿಕ್ಕಿದ್ದು 2005ರಲ್ಲಿ. ಅವರ ಬೂದಿಯನ್ನು ಅದೇ ಚೌಕದಲ್ಲಿ ಮಣ್ಣು ಮಾಡಿದ್ದಾರೆ.

ಪತ್ರಿಕೆ ನಡೆಸುವವನಾಗಿ ನಾನು ಈ ಘಟನೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಆ ಪುಟದಲ್ಲಿ ಹೊಗಳಿಕೆಯ ಒಂದು ಮಾತೂ ಬೇಕಿರಲಿಲ್ಲ. ಹೆಸರು ಯಾರದು, ಅಚ್ಚಾಗಲಿ ಅಂದವರು ಯಾರು, ಯಾವ ಹೊತ್ತಿನಲ್ಲಿ ಅಚ್ಚಾಯಿತು ಅನ್ನುವುದೇ ಅದರ ತೂಕ.

ಮಾನವ ಹಕ್ಕುಗಳಿಗಾಗಿ ದುಡಿಯುವವರ ಬಗ್ಗೆ ವಿಶ್ವಸಂಸ್ಥೆ 1998ರ ಡಿಸೆಂಬರ್ 9ರಂದು ಒಂದು ಘೋಷಣೆ ಮಾಡಿತು. ಒಬ್ಬರಾಗಿ ಇಲ್ಲವೇ ಇತರರ ಜೊತೆ ಸೇರಿ ಹಕ್ಕುಗಳಿಗಾಗಿ ದುಡಿಯುವುದೇ ಒಂದು ಹಕ್ಕು ಎನ್ನುತ್ತದೆ ಅದರ ಮೊದಲ ವಿಧಿ. ಆ ಕೆಲಸಕ್ಕೆ ಹಣ, ನೆರವು ಕೂಡಿಸುವ ಹಕ್ಕೂ ಅದರಲ್ಲಿದೆ. ಇದು ಸನ್ಮಾನ ಪತ್ರದಂತೆ ಇಲ್ಲ, ಕೆಲಸಕ್ಕೆ ಏನೇನು ಬೇಕು ಎಂದು ಹೇಳುವ ಪತ್ರ. ನಿಮ್ಮ ಬಳಗವೂ ಅಲ್ಲಿಂದಲೇ ಶುರು ಮಾಡಬಹುದು.

ಆಕೆಯ ಹತ್ತಿರ ಮತ್ತೊಮ್ಮೆ ಹೋಗಿ. ಒಪ್ಪಿಸಲು ಹೋಗಬೇಡಿ. ಕ್ಯಾಮೆರಾ ಬೇಡ. "ಈ ತಿಂಗಳು ನಿಮ್ಮ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ?" ಎಂದು ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಸ್ವಚ್ಛತಾ ಕೆಲಸಗಾರರ ವಿಷಯದಲ್ಲಿ ಉತ್ತರ ಹೇಗಿರಬಹುದು ಅಂತ ನನಗೆ ಸ್ವಲ್ಪ ಅಂದಾಜಿದೆ. ಕೈಯಿಂದ ಮಲ ಬಾಚಿಸುವ ಪದ್ಧತಿಯ ವಿರುದ್ಧ ಹೋರಾಡುವ ಬೆಜವಾಡ ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ನೆನಪಿದೆ. ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2014ರಲ್ಲಿ ತೀರ್ಪು ಬಂತು. 1993ರಿಂದ ಈಚೆಗೆ ಒಳಚರಂಡಿಗೆ ಇಳಿದು ಸತ್ತವರ ಕುಟುಂಬಗಳನ್ನು ಹುಡುಕಿ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು ಕೋರ್ಟು. 2023ರಲ್ಲಿ ಅಂಥ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ತೀರ್ಪು ಬಂದ ಮಾತ್ರಕ್ಕೆ ದುಡ್ಡು ಮನೆಗೆ ಬರುವುದಿಲ್ಲ. ಸತ್ತವರ ಹೆಸರು, ತಾರೀಖು, ಜಾಗ ಬೇಕು. ಮರಣ ಪ್ರಮಾಣಪತ್ರ, ಪೊಲೀಸರ ಎಫ್‌ಐಆರ್ ಬೇಕು. ಗುತ್ತಿಗೆದಾರ "ಇವನು ನಮ್ಮವನೇ ಅಲ್ಲ" ಎಂದರೆ ಸಂಬಳದ ಚೀಟಿಯೋ ಜೊತೆಗಾರರ ಹೇಳಿಕೆಯೋ ಬೇಕು. ಇದು ವರ್ಷಗಟ್ಟಲೆ ಹಿಡಿಯುವ, ಚಪ್ಪಾಳೆ ಸಿಗದ ಕೆಲಸ.

ನಿಮ್ಮ ಬಳಗದಲ್ಲಿ ನಿವೃತ್ತ ಗುಮಾಸ್ತರಿದ್ದಾರೆ, ಒಬ್ಬ ವಕೀಲರಿದ್ದಾರೆ, ಕಂಪ್ಯೂಟರ್ ಬಲ್ಲ ಹುಡುಗರಿದ್ದಾರೆ ಎಂದು ನೀವೇ ಬರೆದಿದ್ದೀರಿ. ಸಭಾಂಗಣಕ್ಕೆ ಎತ್ತಿಟ್ಟ ದುಡ್ಡೂ ಇದೆ. ಆ ಹುಡುಗರು ಆಕೆಯ 20 ವರ್ಷದ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಕೊಟ್ಟರೆ ಎಷ್ಟು ದೊಡ್ಡ ಉಪಕಾರ! ವಕೀಲರು ತಿಂಗಳಿಗೆ ಎರಡು ದಿನ ಕೊಡಲಿ. ಕೋರ್ಟಿನಲ್ಲಿ ವಿಚಾರಣೆ ಇರುವ ದಿನ ಹತ್ತು ಜನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ತನ್ನ ಹಿಂದೆ ಜನ ಇದ್ದಾರೆ ಅಂತ ಕಂಡರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ದನಿ ಬೇರೆಯೇ ಆಗುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಕೆಯ ಆರೋಗ್ಯ ಹೇಗಿದೆ, ಮನೆ ಹೇಗೆ ನಡೆಯುತ್ತಿದೆ ಅಂತಲೂ ಕೇಳಿ. ಇಂಥವರು ಬೇರೆಯವರ ಸಂಬಳಕ್ಕೆ ಹೋರಾಡುತ್ತ ತಮ್ಮ ಔಷಧಿ ಮುಂದಕ್ಕೆ ಹಾಕಿರುತ್ತಾರೆ.

ಇಷ್ಟಾದ ಮೇಲೂ ಒಂದು ದಿನ ಎಲ್ಲರೂ ಸೇರೋಣ ಎಂದು ಆಕೆಗೆ ಅನಿಸಿದರೆ ಸೇರಿ. ಕುರ್ಚಿಗಳನ್ನು ಸುತ್ತ ಹಾಕಿ, ಎತ್ತರದ ವೇದಿಕೆ ಬೇಡ. ಮೊದಲು ಕೆಲಸಗಾರರು ಮಾತಾಡಲಿ.

ನಮ್ಮ ಕಡೆಯಿಂದ ಆಗುವುದು ಇಷ್ಟು. ಡಿಸೆಂಬರ್ ಸಂಚಿಕೆಯ ನಡುವಿನ ಎರಡು ಪುಟ ತೆಗೆದಿಟ್ಟಿದ್ದೇನೆ. ಅಲ್ಲಿ ಏನು ಬರಬೇಕು ಎಂದು ಆಕೆ ಮತ್ತು ಜೊತೆಗಾರರು ಕೂತು ತೀರ್ಮಾನಿಸಲಿ. ಹೆಸರುಗಳಿರಲಿ ಎಂದರೆ, ಒಪ್ಪಿದವರ ಹೆಸರನ್ನೆಲ್ಲ ಒಂದೇ ಅಳತೆಯ ಅಕ್ಷರದಲ್ಲಿ ಹಾಕುತ್ತೇವೆ. ಹೆಸರು ಬೇಡ ಎಂದವರ ಸಾಲನ್ನು ಖಾಲಿ ಬಿಡುತ್ತೇವೆ. ಅದೂ ಬೇಡ, ಪರಿಹಾರಕ್ಕೆ ಅರ್ಜಿ ಹಾಕುವುದು ಹೇಗೆ ಅಂತ ಬರೆಯಿರಿ ಎಂದರೆ ಅದನ್ನೇ ಬರೆಯುತ್ತೇವೆ. ಆ ಪುಟಗಳು ನವೆಂಬರ್ 20ಕ್ಕೆ ಅಚ್ಚಿಗೆ ಹೋಗುತ್ತವೆ. ಅದಕ್ಕೆ ನಾಲ್ಕು ದಿನ ಮೊದಲು ತಿಳಿಸಿದರೆ ಸಾಕು.

ನಿಮ್ಮ
ಸಂಪಾದಕ