ಎಟಿಎಫ್–ಡಿಇಎ ವಿಲೀನ: ಬಂದೂಕು ಹಕ್ಕಿನ ಪರ ಇರುವವರಿಗೇ ಯಾಕೆ ಬೇಡ?
ಅಮೆರಿಕದ ಬಂದೂಕು ಇಲಾಖೆ ಎಟಿಎಫ್ ಅಂದರೆ ಉರಿದುಬೀಳುವ ಬಂದೂಕು ಹಕ್ಕಿನ ಪರ ಇರುವವರೇ, ಅದನ್ನು ಮಾದಕವಸ್ತು ದಳ ಡಿಇಎ ಜೊತೆ ಸೇರಿಸುವ 2025ರ ಪ್ರಸ್ತಾವವನ್ನು ಯಾಕೆ ವಿರೋಧಿಸಿದರು ಅಂತ ಕೇಳಿದ್ದೀರಿ. ಇಲಾಖೆ ಹೋದರೂ ಕಾನೂನು ಹೋಗಲ್ಲ, ಅದಕ್ಕೆ. ಬಂದೂಕು ನಿಯಂತ್ರಿಸುವ ಕಾಯ್ದೆಗಳಾದ 1934ರ ಎನ್‌ಎಫ್‌ಎ, 1968ರ ಜಿಸಿಎ ಹಾಗೇ ಉಳಿಯುತ್ತವೆ. ಜಾರಿ ಮಾಡುವ ಕೈ ಮಾತ್ರ ಬಲವಾಗುತ್ತದೆ. ರೇಗನ್ ಸರ್ಕಾರ ಎಟಿಎಫ್ ಮುಚ್ಚಿ ಅದರ ಕೆಲಸವನ್ನು ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್‌ಗೆ ಕೊಡಲು ಹೊರಟಾಗಲೂ, 1982ರಲ್ಲಿ ಬಂದೂಕು ಹಕ್ಕಿನ ಸಂಘಟನೆ ಎನ್‌ಆರ್‌ಎ ಅಡ್ಡ ನಿಂತಿತ್ತು. ಬಲವಾದ ಹೊಸ ಇಲಾಖೆಗಿಂತ ಎಟಿಎಫ್‌ನಂಥ ಹೆಸರು ಕೆಟ್ಟ ಬಡಪಾಯಿ ಎದುರಾಳಿಯನ್ನು ಬೈಯುವುದು ಸುಲಭ ನೋಡಿ.

ಡಿಇಎ ವಿಷಯದಲ್ಲಿ ಇನ್ನೊಂದು ತೊಡಕು. ಬಂದೂಕು ಕೊಳ್ಳುವಾಗ ಅಂಗಡಿಯಲ್ಲಿ ತುಂಬುವ 4473 ಫಾರ್ಮಿನಲ್ಲಿ ಗಾಂಜಾ ಬಳಕೆಯ ಪ್ರಶ್ನೆಯಿದೆ. ರಾಜ್ಯ ಒಪ್ಪಿದ್ದರೂ ಕೇಂದ್ರದ (ಫೆಡರಲ್) ಕಾನೂನಿನಲ್ಲಿ ಅಕ್ರಮವೇ ಎಂಬ ಎಚ್ಚರಿಕೆಯೂ ಅಲ್ಲೇ. ಸುಳ್ಳು ಬರೆದರೆ ಅಪರಾಧ. ಫಾರ್ಮು ಅಂಗಡಿಯಲ್ಲೇ ಇರುತ್ತದೆ, ವ್ಯಾಪಾರ ಮುಚ್ಚಿದರೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನ ಎಟಿಎಫ್ ಕೇಂದ್ರಕ್ಕೆ ಹೋಗುತ್ತದೆ. ಈ ಕಾಗದಗಳೂ ಮಾದಕವಸ್ತು ತನಿಖೆಯೂ ಒಂದೇ ಸೂರಿನಡಿ ಬಂದರೆ? ಭಯ ಇದೇ.

ತಡೆಯಬೇಕೆನ್ನುವವರು ಹಿಡಿಯಬೇಕಾದ ಎಳೆ ನ್ಯಾಯ ಇಲಾಖೆಯ ವಾರ್ಷಿಕ ಅನುದಾನ ಮಸೂದೆ. ಎಟಿಎಫ್ ಕೆಲಸವನ್ನು ಬೇರೆಡೆಗೆ ವರ್ಗಾಯಿಸಲು ಹಣ ಬಳಸಬಾರದೆಂಬ ಸಾಲು ಅದರಲ್ಲಿ ವರ್ಷಗಳಿಂದ ಬರುತ್ತಿದೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರಿಗೆ ಬರೆಯುವಾಗ ಸುಮ್ಮನೆ ಹಕ್ಕು ಹಕ್ಕು ಅನ್ನಬೇಡಿ, ಆ ಸಾಲನ್ನು ಉಳಿಸಿ ಅಂತಲೇ ಕೇಳಿ.