ಹಾವು ಕಚ್ಚಿದ್ರೆ ಅಜ್ಜಯ್ಯನ ಬೇರಾ, ಆಸ್ಪತ್ರೆಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಕಡೆ ಹಾವು ಕಚ್ಚಿದ್ರೆ ಎಲ್ರೂ ಮೊದ್ಲು ಓಡೋದು ಬೇರು ಅರೆದು ಕುಡಿಸೋ ಒಬ್ರು ಅಜ್ಜಯ್ಯನ ಹತ್ರ. ದುಡ್ಡು ಮುಟ್ಟಲ್ಲ, ತುಂಬಾ ಒಳ್ಳೆಯವರು. ನಮ್ಮ ಚಿಕ್ಕಪ್ಪಂಗೆ ಗದ್ದೆ ಬದು ಮೇಲೆ ಕಚ್ಚಿದಾಗ್ಲೂ ಅಲ್ಲೇ ವಾಸಿ ಆಯ್ತು. ಆಸ್ಪತ್ರೆ ಅಂದ್ರೆ ಮನೇಲಿ ನನ್ನನ್ನೇ ಬೈತಾರೆ. ಏನ್ ಹೇಳ್ಲಿ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಚಿಕ್ಕಪ್ಪ ಹುಷಾರಾಗಿದ್ದು ಸಂತೋಷ. ಆದ್ರೆ ಬೇರಿಂದಲೇ ಉಳಿದ್ರು ಅಂತ ಹೇಳೋಕಾಗಲ್ಲ. ಗದ್ದೆ ತೋಟದಲ್ಲಿ ಓಡಾಡೋ ಹಾವುಗಳಲ್ಲಿ ಕೇರೆ, ನೀರು ಹಾವು ಇಂಥ ವಿಷ ಇಲ್ದವೇ ಜಾಸ್ತಿ, ವಿಷದ ಹಾವೇ ಆದ್ರೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗಿರುತ್ತೆ, ಅಂಥವರಿಗೆ ಬೇರು ಕೊಟ್ರೂ ಬದುಕ್ತಾರೆ, ಏನೂ ಕೊಡ್ದಿದ್ರೂ ಬದುಕ್ತಾರೆ, ಹೆಸರು ಮಾತ್ರ ಬೇರಿಗೆ. ವಿಷ ಏರಿ ಹೋದವ್ರ ವಿಷ್ಯದಲ್ಲಿ "ತಡ ಮಾಡಿ ತಂದ್ರು, ಆಯಸ್ಸು ಅಷ್ಟೇ ಇತ್ತು" ಅಂತಾರೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನನಗೆ ಜಾಸ್ತಿ ಭಯ ಇರೋದು ಕಟ್ಟುಹಾವಿನ ಬಗ್ಗೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಹೊತ್ತು ಕಚ್ಚುತ್ತೆ, ನೋವು ಊತ ಇಲ್ಲ ಅನ್ನೋ ಅಷ್ಟು ಕಮ್ಮಿ, ಗಾಯ ಹುಡುಕಿದ್ರೂ ಸಿಗದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ, ಗ್ಯಾಸ್ಟ್ರಿಕ್ ಇರ್ಬೇಕು ಅಂದ್ಕೊಳ್ತಾರೆ, ಆಮೇಲೆ ರೆಪ್ಪೆ ಜೋತು ಬೀಳುತ್ತೆ, ಮಾತು ತೊದಲುತ್ತೆ, ಎಂಜಲು ನುಂಗೋಕಾಗಲ್ಲ, ಕೊನೆಗೆ ಉಸಿರಾಡೋ ಸ್ನಾಯುಗಳೇ ಸೋತು ಹೋಗ್ತವೆ. ಆಗ ಬೇಕಿರೋದು ವೆಂಟಿಲೇಟರ್. ಇಂಥವ್ರಿಗೆ ಬಾಯಿಗೆ ಕಷಾಯ ಹಾಕಿದ್ರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ, ದಯವಿಟ್ಟು ಏನೂ ಕುಡಿಸಬೇಡಿ.

ಕೊಳಕುಮಂಡಲದ ವಿಷ ಏರಿದ್ರೆ ರಕ್ತ ಹೆಪ್ಪುಗಟ್ಟೋದು ನಿಲ್ಲುತ್ತೆ, ಒಸಡಲ್ಲಿ ರಕ್ತ ಬರುತ್ತೆ, ಕಿಡ್ನಿಗೂ ಪೆಟ್ಟು. ಆಸ್ಪತ್ರೇಲಿ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಗ್ಗಿಸಿ ನೋಡ್ತೀವಿ, ಇನ್ನೂ ನೀರಿನ ಥರ ಹರಿದ್ರೆ ವಿಷ ಏರಿದೆ ಅಂತ. ಬೇವಿನ ಸೊಪ್ಪು ತಿನ್ನಿಸಿ ಕಹಿ ಆಯ್ತಾ ಅಂತ ಕೇಳಿದ್ರೆ ಇದು ತಿಳಿಯಲ್ಲ. ಇಂಥ ಗಾಯನ ಬ್ಲೇಡಲ್ಲಿ ಕೊಯ್ದ್ರೆ ರಕ್ತ ನಿಲ್ಲೋದೇ ಇಲ್ಲ.

ಹಾವು ಹಿಡ್ಕೊಂಡು ಬರೋದೂ ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ನಮ್ಮಲ್ಲಿ ಒಂದೇ ಆಂಟಿವೆನಮ್, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್. ಮಲೆನಾಡಿನ ತೋಟದಲ್ಲಿರೋ ಗುಳಿಮಂಡಲಕ್ಕೆ ಅದು ಕೆಲಸ ಮಾಡಲ್ಲ, ನಿಜ, ಆದ್ರೂ ರಕ್ತ, ಕಿಡ್ನಿ ನೋಡ್ಕೊಳ್ಳೋಕೆ ಆಸ್ಪತ್ರೆಯೇ ಬೇಕು. ಆಂಟಿವೆನಮ್‌ನಿಂದ ಕೆಲವರಿಗೆ ಅಲರ್ಜಿ ಆಗುತ್ತೆ, ಅದಕ್ಕೂ ಮದ್ದು ಪಕ್ಕದಲ್ಲೇ ಇಟ್ಕೊಂಡಿರ್ತೀವಿ.

ಕಚ್ಚಿದ ತಕ್ಷಣ ಉಂಗುರ, ಬಳೆ, ಗೆಜ್ಜೆ ತೆಗೀರಿ, ಹಗ್ಗ ಬಿಗೀಬೇಡಿ, ಕೈಕಾಲು ಅಲುಗಾಡದ ಹಾಗೆ ನೋಡ್ಕೊಳ್ಳಿ, ನಡೆಸಬೇಡಿ, 108ಕ್ಕೆ ಫೋನ್ ಮಾಡಿ.

ಮನೆಯವ್ರ ಜೊತೆ ಜಗಳ ಆಡೋದಕ್ಕಿಂತ ನೀವು ಅಜ್ಜಯ್ಯನ ಹತ್ರಾನೇ ಹೋಗಿ ಮಾತಾಡಿ. "ನಿಮ್ಮ ಮಾತು ಊರೆಲ್ಲ ಕೇಳುತ್ತೆ, ಯಾರೇ ಬಂದ್ರೂ ಬಾಗಿಲಲ್ಲೇ ಆಸ್ಪತ್ರೆಗೆ ಕಳ್ಸಿ" ಅಂತ ಕೇಳ್ಕೊಳ್ಳಿ. ಅವರು ಹೇಳಿದ್ರೆ ಜನ ಹೋಗ್ತಾರೆ.

ಪ್ರಶ್ನೆ: ಬೀದಿನಾಯಿ ಕಚ್ಚಿದ ಗಾಯಕ್ಕೆ ಅಜ್ಜಿ ಖಾರದಪುಡಿ, ಸುಣ್ಣ ಹಚ್ಚಿದ್ದಾರೆ. ಸಾಕಾ?
– ಓದುಗರು, ಹಾಸನ

ಉತ್ತರ: ಸಾಲದು, ಇವತ್ತೇ ಹೋಗಿ. ಮೊದ್ಲು ಅದನ್ನೆಲ್ಲ ಸೋಪು ಹಾಕಿ ನಲ್ಲಿ ನೀರಲ್ಲಿ 15 ನಿಮಿಷ ತೊಳೀರಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸೋಕೆ ನಮ್ಮ ಕೈಲಿ ಮದ್ದಿಲ್ಲ, ಅದಕ್ಕೆ ಮುಂಚೆ ಲಸಿಕೆ ಬೀಳ್ಬೇಕು. ರಕ್ತ ಬಂದಿದ್ರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವೈರಸ್ಸನ್ನ ಅಲ್ಲೇ ತಡೆಯೋ ಇಂಜೆಕ್ಷನ್) ಕೂಡ ಹಾಕಿಸ್ಬೇಕು, ನೀವೇ ನೆನಪು ಮಾಡಿ ಕೇಳಿ. ಹೊಕ್ಕುಳ ಸುತ್ತ ಕೊಡ್ತಿದ್ದ ಇಂಜೆಕ್ಷನ್ ಈಗಿಲ್ಲ, ತೋಳಿಗೆ ಕೊಡ್ತಾರೆ. ಅವ್ರು ಬರೆದು ಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡಿ.