ಹುಡುಗರಿಗೆ ವಾಲಿಬಾಲ್ ಕೊಟ್ಟು ಕಳಿಸಿದ ದಿನ

ಹಾಸನ ಜಿಲ್ಲೆಯ ಹಳ್ಳಿಯೊಂದರ ಎಂಟನೇ ತರಗತಿ ಹುಡುಗ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಬಡ್ಡಿ ತಂಡ ಬಿಟ್ಟ, ಬೇಸಿಗೆಯಲ್ಲೂ ಸ್ವೆಟರ್ ತೊಟ್ಟ, ಕೊನೆಗೆ ಶಾಲೆಯೇ ಬೇಡವೆಂದು ಹಟ ಹಿಡಿದ. ಯಾರೋ ಹೊಡೆದಿರಬೇಕೆಂದು ತಂದೆಯ ಅನುಮಾನ. ಮೊಬೈಲ್ ಚಟವೆಂದು ಶಿಕ್ಷಕರ ತೀರ್ಮಾನ. ಇಂಥ ಹುಡುಗರು ಸಲಹೆಗೆಂದು ನನ್ನ ಬಳಿ ಬರುತ್ತಲೇ ಇರುವುದರಿಂದ ಬರೆಯುತ್ತಿದ್ದೇನೆ.

ಎರಡನೇ ಭೇಟಿಯಲ್ಲಿ ತಂದೆಯನ್ನು ಹೊರಗೆ ಕೂರಿಸಿದೆ. ಹುಡುಗ ಸ್ವೆಟರಿನ ಅಂಚಿನ ನೂಲು ಎಳೆಯುತ್ತಿದ್ದ. ಶಾಲೆಯಲ್ಲಿ ಮೈ ಬೆಳೆಯುವುದರ ಬಗ್ಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ ಎಂದೆ.

"ನರ್ಸ್ ಅಕ್ಕ ಬಂದಿದ್ದರು ಮೇಡಂ. ಹುಡುಗಿಯರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ನಮಗೆ ವಾಲಿಬಾಲ್ ಕೊಟ್ಟು ಕಳಿಸಿದರು." ಸ್ವಲ್ಪ ಹೊತ್ತು ಬಿಟ್ಟು ಅಂದ: "ನಾನೂ ಒಳಗೇ ಕೂರಬೇಕಿತ್ತೇನೋ."

ಮೊಲೆತೊಟ್ಟಿನ ಕೆಳಗೆ ಗಂಟು, ಮುಟ್ಟಿದರೆ ನೋವು. ತಾನು ಹೆಣ್ಣಾಗುತ್ತಿದ್ದೇನೆ ಎಂದುಕೊಂಡಿದ್ದ.

ಹದಿಹರೆಯದಲ್ಲಿ ಹಾರ್ಮೋನುಗಳ ಏರುಪೇರಿನಿಂದ ಸುಮಾರು ಅರ್ಧದಷ್ಟು ಹುಡುಗರಿಗೆ ಹೀಗಾಗುತ್ತದೆ, ಬಹುತೇಕರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ ಎಂದೆ. "ಅರ್ಧದಷ್ಟು ಹುಡುಗರಿಗೇ?" ಎಂದು ತಲೆಯೆತ್ತಿದವನು ಮನಸ್ಸಿನಲ್ಲೇ ತರಗತಿಯ ಹುಡುಗರನ್ನು ಎಣಿಸತೊಡಗಿದ. ಎಣ್ಣೆ ತಿಕ್ಕುವುದು, ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ. ಖಾತ್ರಿಗೆ ಒಮ್ಮೆ ವೈದ್ಯರಿಗೆ ತೋರಿಸಬೇಕು. ಗಂಟು ದೊಡ್ಡದಾಗುತ್ತ ಹೋದರೆ, ತೊಟ್ಟಿನಿಂದ ದ್ರವ ಬಂದರೆ ತಡ ಮಾಡಬಾರದು ಎಂದೂ ಹೇಳಿದೆ. ವಿಷಯ ತಿಳಿದು ತಂದೆ ನಕ್ಕರು. ಮಗನೆದುರು ನಗಬೇಡಿ ಎಂದೆ.

ಮುಖ್ಯೋಪಾಧ್ಯಾಯರಿಗೂ ಸಲಹೆ ಕೊಟ್ಟೆ: ನರ್ಸ್ ಬರುವ ದಿನವೇ ಹುಡುಗರನ್ನೂ ಕೂರಿಸಿ. "ಇಲ್ಲದ್ದನ್ನು ತಲೆಗೆ ತುಂಬಬೇಡಿ" ಎಂಬ ಉತ್ತರ ಬಂತು. ಬಸ್ ನಿಲ್ದಾಣದ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತುಗಳು ಆ ಕೆಲಸ ಯಾವತ್ತೋ ಮುಗಿಸಿವೆ! ಕೇಂದ್ರ 2005ರಲ್ಲಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಮೇಲೆ ಶುಚಿ ಯೋಜನೆ ಬಂತು. ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡ್ ಸಿಕ್ಕಿತು, ಜೊತೆಗೆ ನಾಲ್ಕು ಮಾತೂ ಸಿಕ್ಕಿತು. ಅದು ಬೇಕಾದದ್ದೇ. ಆದರೆ 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದ ಹುಡುಗರಿಗೂ ಸೇರಿದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿಗೆ ಅವರೂ ಹೋಗಬಹುದು. ಹೋಗಬಹುದೆಂದು ಅವರಿಗೆ ಹೇಳುವವರು ಬೇಕಲ್ಲ?

ಮುಖ್ಯೋಪಾಧ್ಯಾಯರು ಅರ್ಧ ಒಪ್ಪಿದ್ದಾರೆ. ಹುಡುಗರಿಗೆ ಬೇರೆ ಕೊಠಡಿಯಲ್ಲಿ ಹೇಳಿಸುತ್ತಾರಂತೆ, ಮುಟ್ಟಿನ ವಿಷಯ ಮಾತ್ರ ಅವರ ಮುಂದೆ ಬೇಡವಂತೆ. ಬೇರೆ ಕೊಠಡಿಗೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ಇದೆ: ಆ ಹುಡುಗರಿಗೂ ಅಕ್ಕತಂಗಿಯರಿದ್ದಾರೆ.